ಚೌಳು ನೆಲದ ಚೇಳುಗಳು: ಒಣಸರೋವರಗಳ ಜೀವಿಗಳು ಮತ್ತು ಬಯಲುಸೀಮೆಯ ಕೆರೆಯಂಗಳ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದಲ್ಲಿದೆ. ಸುತ್ತಲಿನ ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳಿಗೂ ವರ್ಷವಿಡೀ ಹರಿಯುವ ಹೊಳೆಯಿಲ್ಲ, ಕೆರೆಗಳೇ ಆಧಾರ. ಮಳೆ ಕೈಕೊಟ್ಟಾಗ ಬಿರಿಯುವ ಕೆರೆಯಂಗಳವನ್ನು ನಿರ್ಜೀವ ಬಂಜರೆಂದು ಭಾವಿಸುವುದು ವಾಡಿಕೆ. ಈ ಭಾವನೆಯನ್ನು ಮರುಪರಿಶೀಲಿಸಲು ಒಣಸರೋವರಗಳ ಚೇಳುಗಳ ಅಧ್ಯಯನವು ನೆರವಾಗುತ್ತದೆ.

ಮರುಭೂಮಿಯ ಒಣಸರೋವರಕ್ಕೆ ನೀರು ಹೊರಹೋಗುವ ದಾರಿಯಿರುವುದಿಲ್ಲ. ಹರಿದು ಬಂದ ನೀರು ಆವಿಯಾಗಿ, ಅದರಲ್ಲಿ ಕರಗಿದ್ದ ಲವಣಗಳು ನೆಲದಲ್ಲೇ ಉಳಿದು, ಮಣ್ಣು ಕ್ಷಾರೀಯವಾಗುತ್ತದೆ. ನಮ್ಮ ಕೆರೆಗಳಿಗೆ ಕೋಡಿಯಿದೆ. ಕೋಡಿ ಹರಿದಾಗ ಲವಣದ ಒಂದು ಪಾಲು ಹೊರಹೋಗುತ್ತದೆ. ಆದುದರಿಂದ ಇವೆರಡನ್ನೂ ಒಂದೇ ಎನ್ನಲಾಗದು. ಆದರೂ ನೀರು ಇಂಗದೆ, ಬಸಿಯದೆ ನಿಲ್ಲುವ ತಗ್ಗುಗಳಲ್ಲಿ ಚೌಳು ಮೂಡುವ ಕ್ರಮವು ಇದನ್ನೇ ಹೋಲುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂತಹ ನೆಲಕ್ಕೇ ಸೀಮಿತವಾದ ಎರಡು ಪ್ರಭೇದಗಳನ್ನು ಪ್ರಕೃತ್ ಜೈನ್, ಹಾರ್ಪರ್ ಫೋರ್ಬ್ಸ್ ಮತ್ತು ಲಾರೆನ್ ಎಸ್ಪೊಸಿಟೊ 2022ರಲ್ಲಿ ವರ್ಣಿಸಿದರು. ಮೊದಲ ಇಬ್ಬರು ಈ ಚೇಳುಗಳ ಶೋಧದಲ್ಲಿ ತೊಡಗಿದಾಗ ಪ್ರೌಢಶಾಲಾ ವಿದ್ಯಾರ್ಥಿಗಳು. ಸಾರ್ವಜನಿಕರು ಜಾಲತಾಣದಲ್ಲಿ ಪ್ರಕಟಿಸಿದ್ದ, ಯಾರೂ ಗುರುತಿಸದಿದ್ದ ಛಾಯಾಚಿತ್ರಗಳೇ ಅವರಿಗೆ ಸುಳಿವು. ಪ್ಯಾರುರೋಕ್ಟೋನಸ್ ಸೋಡಾ ಎಂಬುದು ಸೋಡಾ ಸರೋವರದ್ದು. ಅದರ ನೆಲೆ ಸಂರಕ್ಷಿತ ಪ್ರದೇಶದೊಳಗಿದೆ. ಪ್ಯಾರುರೋಕ್ಟೋನಸ್ ಕನ್‌ಕ್ಲೂಸಸ್ ಮೊಹಾವಿ ಮರುಭೂಮಿಯ ಕೋಹ್ನ್ ಸರೋವರದ ಅಂಚಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ ಕಂಡುಬಂದಿತು. ಅದಕ್ಕೆ ಅಂತಹ ರಕ್ಷಣೆಯಿರಲಿಲ್ಲ. ಒಂದು ಗಣಿ ಅಥವಾ ಒಂದು ಸೌರವಿದ್ಯುತ್ ಸ್ಥಾವರವೇ ಇಡೀ ಪ್ರಭೇದವನ್ನು ಅಳಿಸಬಲ್ಲದು.

ಇಂತಹ ಅಪಾಯಕ್ಕೆ ಚೇಳಿನ ಜೀವನಕ್ರಮವೂ ಕಾರಣ. ಅದಕ್ಕೆ ರೆಕ್ಕೆಯಿಲ್ಲ, ಮರಿಗಳು ತಾಯಿಯ ಬೆನ್ನೇರಿ ಮೊದಲ ದಿನಗಳನ್ನು ಕಳೆದು, ಅಲ್ಲೇ ಸುತ್ತಮುತ್ತ ಚದುರುತ್ತವೆ. ಒಂದು ಬಗೆಯ ಮಣ್ಣಿಗೆ ಒಗ್ಗಿದ ಚೇಳು, ನೆಲೆ ನಾಶವಾದರೆ ದೂರದ ಮತ್ತೊಂದು ನೆಲೆಯನ್ನು ಸೇರಲಾರದು.

ಕರ್ನಾಟಕದ ಒಣಪ್ರದೇಶಗಳ ಕೆಂಪು ಚೇಳು (ಹೊಟೆಂಟೋಟ ಟ್ಯಾಮುಲಸ್) ಬೇರೊಂದು ಕುಟುಂಬದ್ದು. ಹಲವು ಬಗೆಯ ನೆಲಗಳಲ್ಲಿ ಬದುಕುತ್ತದೆ. ಅದರ ವಿಷ ಮಾರಕವಾಗಬಲ್ಲದಾದ್ದರಿಂದ ಜನರ ಗಮನವೂ ಅದರತ್ತಲೇ. ಆದರೆ ಕೆರೆಯಂಗಳದ ಚೇಳುಗಳೆಲ್ಲ ಅದೊಂದೇ ಎಂದು ನೋಡದೆ ನಿರ್ಣಯಿಸುವುದು ಶಾಸ್ತ್ರಸಮ್ಮತವಲ್ಲ. ನೇರಳಾತೀತ ಬೆಳಕಿನಲ್ಲಿ ಚೇಳಿನ ಹೊರಕವಚ ಹಸಿರು-ನೀಲಿಯಾಗಿ ಹೊಳೆಯುವುದರಿಂದ ರಾತ್ರಿಯ ಸಮೀಕ್ಷೆ ಸುಲಭಸಾಧ್ಯ. ಹೂಳೆತ್ತುವ ಮುನ್ನ ಕೆರೆಯಂಗಳ, ಏರಿ ಹಾಗೂ ಅಂಚಿನ ಚೌಳು ಪಟ್ಟಿಗಳಲ್ಲಿ ಪ್ರಭೇದ, ಮಣ್ಣಿನ ಕ್ಷಾರತೆ ಮತ್ತು ಋತುವನ್ನು ದಾಖಲಿಸುವುದು ಅವಶ್ಯ. ಕೆರೆಗೆ ನೀರು ಬರಬೇಕೆಂಬುದು ನಿರ್ವಿವಾದ. ಆದರೆ ಬತ್ತಿದ ಕೆರೆಯೂ ಒಂದು ಆವಾಸವೆಂಬ ಅರಿವು ಅದರೊಡನೆ ಇರತಕ್ಕದ್ದು.