ದೂರದ ಕಾವಲಿಗೆ ಯಾರ ನಿಗಾ? ವಿದೇಶದಲ್ಲಿರುವ ಭದ್ರತಾ ಸಿಬ್ಬಂದಿ ಮತ್ತು ಶಾಸಕಾಂಗ

ಶಾಸಕಾಂಗದ ಕೆಲಸಗಳನ್ನು ನಾವು ತರಗತಿಯಲ್ಲಿ ಸಾಮಾನ್ಯವಾಗಿ ಮೂರಾಗಿ ಹೇಳುತ್ತೇವೆ: ಕಾನೂನು ಮಾಡುವುದು, ಹಣ ಮಂಜೂರು ಮಾಡುವುದು, ಕಾರ್ಯಾಂಗದ ಮೇಲೆ ನಿಗಾ ಇಡುವುದು. ಮೊದಲ ಎರಡಕ್ಕೆ ಉದಾಹರಣೆ ಬೇಗ ಸಿಗುತ್ತದೆ. ಮಸೂದೆ, ಬಜೆಟ್ ಎಂದರೆ ಮಕ್ಕಳ ಕಣ್ಣ ಮುಂದೆ ಏನೋ ಒಂದು ಬರುತ್ತದೆ. ಮೂರನೆಯದು ಮಾತ್ರ ಕಪ್ಪುಹಲಗೆಯ ಮೇಲಿನ ಒಂದು ಸಾಲಾಗಿಯೇ ಉಳಿಯುತ್ತದೆ. "ನಿಗಾ ಇಡುತ್ತದೆ" ಎಂದರೆ ನಿಜವಾಗಿ ಯಾರು, ಯಾರನ್ನು, ಏನು ಕೇಳುತ್ತಾರೆ?

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಸಮಾಜ ವಿಜ್ಞಾನದ ಹುದ್ದೆ ಖಾಲಿಯಿದ್ದುದರಿಂದ ಒಂಬತ್ತನೆಯ ತರಗತಿಯ ರಾಜ್ಯಶಾಸ್ತ್ರದ ಕೆಲವು ಅವಧಿಗಳು ನನ್ನ ಪಾಲಿಗೆ ಬಂದವು. ಆಗ ಈ ಮೂರನೆಯ ಕೆಲಸವನ್ನು ವಿವರಿಸಲು ನಾನು ಆರಿಸಿಕೊಂಡ ಉದಾಹರಣೆ, ಬೇರೆ ದೇಶದಲ್ಲಿ ನಿಂತು ರಾಯಭಾರ ಕಚೇರಿಯನ್ನು ಕಾಯುವ ಸರ್ಕಾರಿ ಭದ್ರತಾ ಸಿಬ್ಬಂದಿ. ನಿಗಾ ಇಡುವುದು ಎಲ್ಲಿ ಅತ್ಯಂತ ಕಷ್ಟವೋ ಅಲ್ಲಿಯೇ ಅದರ ಅಗತ್ಯ ಚೆನ್ನಾಗಿ ಕಾಣುತ್ತದೆ ಎಂಬುದು ಈ ಆಯ್ಕೆಗೆ ಕಾರಣ. ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗಲೆಂದು ವಿಷಯವನ್ನೂ ತರಗತಿಯ ಚಟುವಟಿಕೆಯನ್ನೂ ಇಲ್ಲಿ ಕೊಡುತ್ತಿದ್ದೇನೆ.

ಪೂರ್ವಜ್ಞಾನ: ರಾಯಭಾರ ಕಚೇರಿಯನ್ನು ಕಾಯುವವರು ಯಾರು?

1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿಯ ಪ್ರಕಾರ, ರಾಯಭಾರ ಕಚೇರಿಯ ಆವರಣವನ್ನು ರಕ್ಷಿಸುವ ವಿಶೇಷ ಹೊಣೆ ಆತಿಥೇಯ ದೇಶದ್ದು. ಆ ದೇಶದ ಪೊಲೀಸರು ಹೊರಗೆ ಕಾಯಬೇಕು. ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ಆದರೆ ಯುದ್ಧ, ದಂಗೆ, ದುರ್ಬಲ ಸರ್ಕಾರ ಇರುವ ಕಡೆ ಇಷ್ಟು ಸಾಲದು. ಆಗ ದೇಶಗಳು ತಮ್ಮದೇ ಸಿಬ್ಬಂದಿಯನ್ನು ಕಳಿಸುತ್ತವೆ. ಅಮೆರಿಕದಲ್ಲಿ ಇದಕ್ಕೆ ವಿದೇಶಾಂಗ ಇಲಾಖೆಯೊಳಗೆ 1985ರಲ್ಲಿ ರೂಪುಗೊಂಡ ರಾಜತಾಂತ್ರಿಕ ಭದ್ರತಾ ವಿಭಾಗವಿದೆ. ಭಾರತವು ಕಾಬೂಲ್‌ನ ತನ್ನ ರಾಯಭಾರ ಕಚೇರಿಗೆ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯನ್ನು, ಅಂದರೆ ಐಟಿಬಿಪಿಯನ್ನು ಕಳಿಸಿತ್ತು.

ಈ ಸಿಬ್ಬಂದಿಯ ಸ್ಥಿತಿ ವಿಚಿತ್ರ. ಕೈಯಲ್ಲಿ ಆಯುಧವಿದೆ, ಸುತ್ತ ಪರದೇಶವಿದೆ. ತಪ್ಪು ನಡೆದರೆ ಅಲ್ಲಿನ ಪೊಲೀಸರು ಸುಲಭವಾಗಿ ಪ್ರಶ್ನಿಸಲಾರರು. ತಾಯ್ನಾಡಿನ ಪತ್ರಿಕೆ, ನ್ಯಾಯಾಲಯ, ಮತದಾರ ಎಲ್ಲರೂ ಸಾವಿರಾರು ಕಿಲೋಮೀಟರ್ ದೂರ. ಉಳಿಯುವುದು ಅವರದೇ ಇಲಾಖೆ. ಇಲಾಖೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬಹುದೇ?

ಇದಕ್ಕೆ ನಾನು ಬಳಸಿದ ಹೋಲಿಕೆ ಕಿರಾಣಿ ಅಂಗಡಿಯ ತಕ್ಕಡಿ. ಅದು ಸರಿಯಿದೆಯೇ ಎಂದು ಅದೇ ತಕ್ಕಡಿಯಿಂದ ತಿಳಿಯಲಾಗದು. ಹೊರಗಿನಿಂದ ತಂದ ಪ್ರಮಾಣಿತ ತೂಕದ ಕಲ್ಲು ಬೇಕು, ಅದನ್ನಿಟ್ಟು ನೋಡಿ ಮುದ್ರೆ ಒತ್ತುವ ಕಾನೂನು ಮಾಪನ ಇಲಾಖೆಯ ನಿರೀಕ್ಷಕರು ಬೇಕು. ಶಾಸಕಾಂಗದ ನಿಗಾ ಎಂದರೆ ಆ ಹೊರಗಿನ ತೂಕ. ಮಕ್ಕಳಿಗೆ ಇದು ಕೂಡಲೇ ಹಿಡಿಯಿತು.

ಮೊದಲ ಪ್ರಕರಣ: ಕಾವಲುಗಾರ ಏನು ಮಾಡಿದ?

2007ರ ಸೆಪ್ಟೆಂಬರ್ 16ರಂದು ಬಾಗ್ದಾದ್‌ನ ನಿಸೂರ್ ವೃತ್ತದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪರವಾಗಿ ಕೆಲಸ ಮಾಡುತ್ತಿದ್ದ ಬ್ಲ್ಯಾಕ್‌ವಾಟರ್ ಸಂಸ್ಥೆಯ ಕಾವಲುಗಾರರು ಗುಂಡು ಹಾರಿಸಿದರು. 17 ಇರಾಕಿ ನಾಗರಿಕರು ಸತ್ತರು. ಕಾವಲುಗಾರರು ಗುತ್ತಿಗೆಯವರಾದರೂ ಕೆಲಸ ಸರ್ಕಾರದ್ದು, ಸಂಬಳದ ಮೂಲವೂ ಸರ್ಕಾರದ ಬೊಕ್ಕಸ. 2004ರಲ್ಲಿ ಹೊರಡಿಸಿದ್ದ ಒಂದು ಆಡಳಿತಾತ್ಮಕ ಆದೇಶದಿಂದಾಗಿ ಇಂಥ ಗುತ್ತಿಗೆದಾರರ ಮೇಲೆ ಇರಾಕಿನ ಕಾನೂನು ನಡೆಯುತ್ತಿರಲಿಲ್ಲ.

ಘಟನೆಯ ನಂತರ ಅವರಿಂದ ಮೊದಲು ಹೇಳಿಕೆ ಪಡೆದದ್ದು ಅವರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಇಲಾಖೆಯ ಭದ್ರತಾ ವಿಭಾಗವೇ. ಆ ಹೇಳಿಕೆಗಳನ್ನು ಅವರ ವಿರುದ್ಧ ಬಳಸುವುದಿಲ್ಲ ಎಂಬ ಭರವಸೆಯನ್ನೂ ಕೊಡಲಾಗಿತ್ತು. ಮುಂದೆ 2009ರ ಕೊನೆಯಲ್ಲಿ ನ್ಯಾಯಾಧೀಶರು ಮೊದಲ ಆರೋಪಪಟ್ಟಿಯನ್ನು ರದ್ದುಪಡಿಸಲು ಈ ಹೇಳಿಕೆಗಳ ಬಳಕೆಯೇ ಕಾರಣವಾಯಿತು. ಮೇಲ್ಮನವಿಯ ನಂತರ ಪ್ರಕರಣ ಮತ್ತೆ ಜೀವ ಪಡೆದು, 2014ರಲ್ಲಿ ನಾಲ್ವರು ತಪ್ಪಿತಸ್ಥರೆಂದು ತೀರ್ಮಾನವಾಯಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷರು ಆ ನಾಲ್ವರಿಗೂ ಕ್ಷಮಾದಾನ ಕೊಟ್ಟರು.

ಇದರ ನಡುವೆ ಶಾಸಕಾಂಗ ಏನು ಮಾಡಿತು? 2007ರ ಅಕ್ಟೋಬರ್ 2ರಂದು ಪ್ರತಿನಿಧಿ ಸಭೆಯ ಮೇಲ್ವಿಚಾರಣಾ ಸಮಿತಿ ಬಹಿರಂಗ ವಿಚಾರಣೆ ನಡೆಸಿತು. ಸಂಸ್ಥೆಯ ಮುಖ್ಯಸ್ಥರೂ ವಿದೇಶಾಂಗ ಇಲಾಖೆಯ ಅಧಿಕಾರಿಗಳೂ ಬಂದು ಉತ್ತರಿಸಬೇಕಾಯಿತು. 2005ರಿಂದ ಆ ಸಂಸ್ಥೆಯ ಸಿಬ್ಬಂದಿ ಬಲಪ್ರಯೋಗ ಮಾಡಿದ 195 ಘಟನೆಗಳಿದ್ದವು, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಗುಂಡು ಹಾರಿಸಿದವರು ಅವರೇ ಎಂದು ಸಮಿತಿಯ ಸಿಬ್ಬಂದಿ ಸಂಸ್ಥೆಯದೇ ವರದಿಗಳಿಂದ ಲೆಕ್ಕ ತೆಗೆದು ಮುಂದಿಟ್ಟರು. ಮೂರು ದಿನಗಳಲ್ಲಿ ಇಲಾಖೆ, ಬೆಂಗಾವಲು ವಾಹನಗಳಲ್ಲಿ ಕ್ಯಾಮೆರಾ ಇರಬೇಕು, ಜೊತೆಗೆ ಸರ್ಕಾರಿ ಭದ್ರತಾ ಅಧಿಕಾರಿಯೂ ಹೋಗಬೇಕು ಎಂದು ಆದೇಶಿಸಿತು. ಅದೇ ತಿಂಗಳು ಭದ್ರತಾ ವಿಭಾಗದ ಮುಖ್ಯಸ್ಥರು ರಾಜೀನಾಮೆ ಕೊಟ್ಟರು.

ಇಲ್ಲಿ ಮಕ್ಕಳು ಗಮನಿಸಬೇಕಾದ ಅಂಶ: ಸಮಿತಿ ಯಾರಿಗೂ ಶಿಕ್ಷೆ ಕೊಡಲಿಲ್ಲ, ಅದು ನ್ಯಾಯಾಲಯದ ಕೆಲಸ. ಚದುರಿಹೋಗಿದ್ದ ಮಾಹಿತಿಯನ್ನು ಒಟ್ಟು ಮಾಡಿ ಎಲ್ಲರೆದುರು ಇಟ್ಟಿತು. ಒಂದು ಘಟನೆ ಆಕಸ್ಮಿಕ ಎನ್ನಬಹುದು. 195 ಘಟನೆಗಳನ್ನು ಹಾಗೆನ್ನಲಾಗದು.

ಎರಡನೆಯ ಪ್ರಕರಣ: ಕಾವಲುಗಾರ ಏನು ಕೇಳಿದ್ದ?

2012ರ ಸೆಪ್ಟೆಂಬರ್ 11ರ ರಾತ್ರಿ ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ಕಚೇರಿಯ ಮೇಲೆ ದಾಳಿಯಾಗಿ ರಾಯಭಾರಿ ಕ್ರಿಸ್ ಸ್ಟೀವನ್ಸ್ ಸೇರಿ ನಾಲ್ವರು ಸತ್ತರು. ಆ ರಾತ್ರಿ ಆವರಣದಲ್ಲಿದ್ದ ರಾಜತಾಂತ್ರಿಕ ಭದ್ರತಾ ಅಧಿಕಾರಿಗಳು ಐದೇ ಮಂದಿ. ಒಂದು ತಿಂಗಳೊಳಗೆ, ಅಕ್ಟೋಬರ್ 10ರಂದು, ಅದೇ ಮೇಲ್ವಿಚಾರಣಾ ಸಮಿತಿಯ ಮುಂದೆ ಲಿಬಿಯಾದಲ್ಲಿ ಪ್ರಾದೇಶಿಕ ಭದ್ರತಾ ಅಧಿಕಾರಿಯಾಗಿದ್ದ ಎರಿಕ್ ನಾರ್ಡ್‌ಸ್ಟ್ರಾಮ್ ಸಾಕ್ಷ್ಯ ನುಡಿದರು. ಹೆಚ್ಚಿನ ಸಿಬ್ಬಂದಿಯನ್ನು ಕೇಳಿದ್ದೆವು, ರಾಜಧಾನಿಯಲ್ಲಿ ಒಪ್ಪಿಗೆ ಸಿಗಲಿಲ್ಲ ಎಂಬುದು ಅವರ ಮಾತಿನ ಸಾರ. ಒಪ್ಪಿಗೆ ಕೊಡದ ಮೇಲಧಿಕಾರಿಯೂ ಅದೇ ಮೇಜಿನ ಮುಂದೆ ಕುಳಿತು ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು.

ಇದರ ಜೊತೆಗೆ ಇನ್ನೊಂದು ವ್ಯವಸ್ಥೆಯೂ ಕೆಲಸ ಮಾಡಿತು. 1986ರ ಕಾನೂನಿನಲ್ಲಿ ಆಗ ಇದ್ದ ನಿಯಮದ ಪ್ರಕಾರ, ವಿದೇಶದ ಕಚೇರಿಯಲ್ಲಿ ಜೀವಹಾನಿ ಅಥವಾ ದೊಡ್ಡ ನಷ್ಟವಾದರೆ ವಿದೇಶಾಂಗ ಕಾರ್ಯದರ್ಶಿ ಒಂದು ಹೊಣೆಗಾರಿಕೆ ಪರಿಶೀಲನಾ ಮಂಡಳಿಯನ್ನು ರಚಿಸಬೇಕಿತ್ತು. ಅದರಲ್ಲಿ ಐವರು ಸದಸ್ಯರಿರುತ್ತಿದ್ದರು. ಮಂಡಳಿಯ ಶಿಫಾರಸುಗಳ ಮೇಲೆ ಏನು ಮಾಡಿದೆವೆಂದು 90 ದಿನಗಳಲ್ಲಿ ಶಾಸಕಾಂಗಕ್ಕೆ ತಿಳಿಸಬೇಕಿತ್ತು. ಬೆಂಗಾಜಿಯ ಮಂಡಳಿ 2012ರ ಡಿಸೆಂಬರಿನಲ್ಲಿ ಭದ್ರತೆ ತೀರಾ ಅಸಮರ್ಪಕವಾಗಿತ್ತೆಂದು ಹೇಳಿ 29 ಶಿಫಾರಸುಗಳನ್ನು ಮಾಡಿತು. ದೌರ್ಬಲ್ಯವೂ ಇತ್ತು: ಐವರಲ್ಲಿ ನಾಲ್ವರನ್ನು ನೇಮಿಸುತ್ತಿದ್ದವರು ಪರಿಶೀಲನೆಗೆ ಒಳಗಾಗುವ ಇಲಾಖೆಯ ಮುಖ್ಯಸ್ಥರೇ. ತಕ್ಕಡಿಯ ಮಾತು ಇಲ್ಲಿಗೂ ಅನ್ವಯ.

ನಂತರದ ಕಥೆ ಅಷ್ಟು ಸ್ವಚ್ಛವಲ್ಲ. 2014ರ ಮೇ ತಿಂಗಳಲ್ಲಿ ಪ್ರತ್ಯೇಕ ಆಯ್ಕೆ ಸಮಿತಿ ರಚನೆಯಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 2015ರ ಅಕ್ಟೋಬರ್ 22ರಂದು ಹಿಲರಿ ಕ್ಲಿಂಟನ್ ಸುಮಾರು 11 ಗಂಟೆ ಉತ್ತರಿಸಿದರು. ಆಗ ಅವರು ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿಯಾಗಲು ಹೊರಟಿದ್ದರು. ಇದು ಸತ್ಯಶೋಧನೆಯೋ ಪಕ್ಷರಾಜಕೀಯವೋ ಎಂಬ ಜಗಳದಲ್ಲಿ ಕಾವಲುಗಾರರ ಮೂಲ ಪ್ರಶ್ನೆ ಹಿಂದೆ ಸರಿಯಿತು. ನಿಗಾ ಇಲ್ಲದಿರುವುದು ಹೇಗೆ ಅಪಾಯವೋ, ನಿಗಾದ ಹೆಸರಿನಲ್ಲಿ ಬೇರೆ ಗುರಿ ಸೇರಿಕೊಳ್ಳುವುದೂ ಹಾಗೆಯೇ ಅಪಾಯ. ಹತ್ತನೆಯ ತರಗತಿಯೊಳಗಿನ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಯಾವ ಪಕ್ಷ ಸರಿ ಎಂಬ ತೀರ್ಪು ನಮ್ಮ ಪಾಠದ ಭಾಗವಲ್ಲ.

ಭಾರತದಲ್ಲಿ: ಒಂದು ಕಾವಲು, ಎರಡು ಸಚಿವಾಲಯ

2008ರ ಜುಲೈ 7ರಂದು ಕಾಬೂಲ್‌ನ ಭಾರತೀಯ ರಾಯಭಾರ ಕಚೇರಿಯ ಬಾಗಿಲಲ್ಲಿ ಆತ್ಮಹತ್ಯಾ ಕಾರ್ ಬಾಂಬ್ ಸ್ಫೋಟಿಸಿ 50ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬ್ರಿಗೇಡಿಯರ್ ರವಿ ದತ್ ಮೆಹ್ತಾ, ರಾಜತಾಂತ್ರಿಕ ವಿ. ವೆಂಕಟೇಶ್ವರ ರಾವ್ ಮತ್ತು ಐಟಿಬಿಪಿಯ ಇಬ್ಬರು ಜವಾನರಿದ್ದರು. 2009ರ ಅಕ್ಟೋಬರ್ 8ರಂದು ಅದೇ ಕಚೇರಿಯ ಮೇಲೆ ಮತ್ತೆ ದಾಳಿಯಾಯಿತು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ರಾಜ್ಯದ ಎಸ್. ಎಂ. ಕೃಷ್ಣ. 2014ರ ಮೇ 23ರಂದು ಹೆರಾತ್‌ನ ದೂತಾವಾಸಕ್ಕೆ ನುಗ್ಗಲು ಬಂದವರನ್ನು ಐಟಿಬಿಪಿ ಸಿಬ್ಬಂದಿ ತಡೆದರು.

ಇಲ್ಲಿ ಒಂದು ರಚನಾತ್ಮಕ ಸಂಗತಿಯನ್ನು ಮಕ್ಕಳು ತಾವೇ ಕಂಡುಹಿಡಿಯುವಂತೆ ಮಾಡಬಹುದು. ರಾಯಭಾರ ಕಚೇರಿ ವಿದೇಶಾಂಗ ಸಚಿವಾಲಯದ್ದು. ಐಟಿಬಿಪಿ ಗೃಹ ಸಚಿವಾಲಯದ್ದು. ಹಾಗಾಗಿ ಸಂಸತ್ತಿನಲ್ಲಿಯೂ ಇದು ಎರಡು ಸ್ಥಾಯಿ ಸಮಿತಿಗಳಿಗೆ ಸಂಬಂಧಿಸಿದ ವಿಷಯವಾಗುತ್ತದೆ: ವಿದೇಶಾಂಗ ವ್ಯವಹಾರಗಳ ಸಮಿತಿ ಮತ್ತು ಗೃಹ ವ್ಯವಹಾರಗಳ ಸಮಿತಿ. ಮೊದಲನೆಯದನ್ನು ಲೋಕಸಭೆಯ ಸಚಿವಾಲಯ ನಡೆಸುತ್ತದೆ, ಎರಡನೆಯದನ್ನು ರಾಜ್ಯಸಭೆಯ ಸಚಿವಾಲಯ. ಇಬ್ಬರೂ ನೋಡುತ್ತಾರೆಂಬುದು ಬಲ. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆಂದು ಬಿಟ್ಟರೆ ಅದೇ ಬಿರುಕು.

ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು 1993ರಲ್ಲಿ 17ರ ಸಂಖ್ಯೆಯಲ್ಲಿ ಆರಂಭವಾದವು, 2004ರಲ್ಲಿ 24ಕ್ಕೆ ಏರಿದವು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಸಚಿವಾಲಯದ ಅನುದಾನದ ಬೇಡಿಕೆಗಳನ್ನು ಪರಿಶೀಲಿಸುವುದು ಇವುಗಳ ಮುಖ್ಯ ಕೆಲಸ. ಕಾವಲಿಗೆ ಎಷ್ಟು ಹಣ, ಗೋಡೆಗೆ ಎಷ್ಟು ಹಣ ಎಂಬ ಪ್ರಶ್ನೆ ಇಲ್ಲಿಯೇ ಬರಬಹುದು. ಸಭೆಗಳು ಮುಚ್ಚಿದ ಬಾಗಿಲಲ್ಲಿ ನಡೆಯುತ್ತವೆ, ವರದಿ ಸಂಸತ್ತಿನ ಮುಂದೆ ಬರುತ್ತದೆ. ಶಿಫಾರಸುಗಳು ಸಲಹೆ ಮಾತ್ರ. ಆದರೆ ಅವುಗಳ ಮೇಲೆ ಕೈಗೊಂಡ ಕ್ರಮವನ್ನು ಸರ್ಕಾರ ತಿಳಿಸಬೇಕು. ದಿನನಿತ್ಯದ ಆಡಳಿತದಲ್ಲಿ ಸಮಿತಿ ಕೈಹಾಕುವುದಿಲ್ಲ. ದೇಶದ ಸುರಕ್ಷತೆಗೆ ಧಕ್ಕೆಯಾಗುವ ದಾಖಲೆಯನ್ನು ಕೊಡಲು ಸರ್ಕಾರ ನಿರಾಕರಿಸಬಹುದು. ಸಮಿತಿಯ ಹೊರಗೆ ಪ್ರಶ್ನೋತ್ತರ ಅವಧಿ, ಮಹಾಲೇಖಪಾಲರ ವರದಿಯನ್ನು ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇವೆ.

ಮುಚ್ಚಿದ ಬಾಗಿಲು ಎಂದ ಕೂಡಲೇ ಮಕ್ಕಳು ಅನುಮಾನಪಡುತ್ತಾರೆ. ಪಾಳಿಯ ಸಮಯ, ಕಾವಲುಗಾರರ ಸಂಖ್ಯೆ, ಕ್ಯಾಮೆರಾ ಇಲ್ಲದ ಮೂಲೆ ಇವು ಬಹಿರಂಗವಾದರೆ ಮೊದಲು ಓದುವವನು ದಾಳಿಕೋರ ಎಂಬುದನ್ನು ಹೇಳಬೇಕು. ಹಾಗೆಂದು ಎಲ್ಲವನ್ನೂ ಗುಟ್ಟೆಂದರೆ ನಿರ್ಲಕ್ಷ್ಯವೂ ಗುಟ್ಟಾಗಿಯೇ ಉಳಿಯುತ್ತದೆ. ಯಾವುದು ಗುಟ್ಟು, ಯಾವುದು ನೆಪ ಎಂದು ಬೇರ್ಪಡಿಸಲು ಒಳಗೆ ಕುಳಿತು ನೋಡುವ ಚುನಾಯಿತ ಪ್ರತಿನಿಧಿ ಬೇಕು.

ಚಟುವಟಿಕೆ: ಅಣಕು ಸಮಿತಿ

ಅವಧಿ 40 ನಿಮಿಷ. ಒಂದು ಕಾಲ್ಪನಿಕ ರಾಯಭಾರ ಕಚೇರಿ, ಅದರ ಮೇಲೆ ನಡೆದ ಒಂದು ಕಾಲ್ಪನಿಕ ದಾಳಿ. ಏಳು ಮಕ್ಕಳು ಸಮಿತಿ ಸದಸ್ಯರು. ನಾಲ್ವರು ಸಾಕ್ಷಿಗಳು: ಕಾವಲುಗಾರ, ರಾಯಭಾರಿ, ಎರಡು ಸಚಿವಾಲಯಗಳ ಅಧಿಕಾರಿಗಳು. ಪ್ರತಿ ಸಾಕ್ಷಿಗೆ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳು. ನಿಯಮ ಒಂದೇ: ಸದಸ್ಯರು ಭಾಷಣ ಮಾಡುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು. ಉಳಿದವರು ಪ್ರತಿ ಪ್ರಶ್ನೆಯನ್ನೂ "ಬಹಿರಂಗ", "ಮುಚ್ಚಿದ ಬಾಗಿಲು" ಎಂಬ ಎರಡು ಕಲಂಗಳಲ್ಲಿ ಬರೆಯಬೇಕು.

ಮೊದಲ ಹತ್ತು ನಿಮಿಷ ಎಲ್ಲ ಪ್ರಶ್ನೆಗಳೂ ಕಾವಲುಗಾರನ ಕಡೆಗೇ ಹೋದವು. ನಿದ್ದೆ ಮಾಡುತ್ತಿದ್ದೆಯಾ, ಗುಂಡು ಯಾಕೆ ಹೊಡೆಯಲಿಲ್ಲ ಎಂದು ಬೈಯುವ ಧಾಟಿ. ಆಗ ಒಬ್ಬ ಹುಡುಗಿ ಎದ್ದಳು. ಅವಳ ಚಿಕ್ಕಪ್ಪ ಅರೆಸೇನಾ ಪಡೆಯಲ್ಲಿದ್ದಾರೆಂದು ನನಗೆ ನಂತರ ತಿಳಿಯಿತು. ಅವಳು ಕಾವಲುಗಾರನನ್ನು ಬಿಟ್ಟು ಅಧಿಕಾರಿಗಳ ಕಡೆ ತಿರುಗಿ, "ಗೋಡಿ ಎತ್ತರ ಮಾಡ್ರಿ ಅಂತ ಅವ ಎರಡ್ ಸಲ ಕಾಗದ ಬರದಾನಲ್ರಿ, ಆ ಕಾಗದ ಯಾರ ಟೇಬಲ್ ಮ್ಯಾಲ ಐತಿ?" ಎಂದು ಕೇಳಿದಳು. ಎರಡೂ ಸಚಿವಾಲಯಗಳ "ಅಧಿಕಾರಿಗಳು" ಪರಸ್ಪರ ಮುಖ ನೋಡಿಕೊಂಡರು. ಇಬ್ಬರ ಚೀಟಿಯಲ್ಲೂ ಆ ಕಾಗದ ಇನ್ನೊಬ್ಬರ ಬಳಿ ಇದೆ ಎಂದೇ ಬರೆದಿತ್ತು. ನಾನು ಹೇಳಬೇಕೆಂದಿದ್ದ ಬಿರುಕು ಅಲ್ಲಿಯೇ ಕಾಣಿಸಿತು. ಅಲ್ಲಿಂದ ಮುಂದೆ ಪ್ರಶ್ನೆಗಳ ದಿಕ್ಕೇ ಬದಲಾಯಿತು.

ನಿಗಾ ಎಂಬುದು ಕಾವಲುಗಾರನ ವಿರುದ್ಧದ ವ್ಯವಸ್ಥೆ ಎಂದು ಮಕ್ಕಳು ಭಾವಿಸಿದ್ದರು. ಅದು ಅವನ ಕೈಯಿಂದ ನೊಂದವರಿಗೂ ಬೇಕು, ಅವನಿಗೂ ಬೇಕು. ನಿಸೂರ್ ಮತ್ತು ಬೆಂಗಾಜಿ ಪ್ರಕರಣಗಳನ್ನು ಜೊತೆಯಾಗಿಯೇ ಕಲಿಸಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ಒಂದನ್ನೇ ಕಲಿಸಿದರೆ ಮಕ್ಕಳ ಮನಸ್ಸಿನಲ್ಲಿ ಅರ್ಧ ಚಿತ್ರ ಉಳಿಯುತ್ತದೆ.

ಮೌಲ್ಯಮಾಪನಕ್ಕೆ ಕೆಲವು ಪ್ರಶ್ನೆಗಳು

1. ಸಮಿತಿಯ ವಿಚಾರಣೆಗೂ ನ್ಯಾಯಾಲಯದ ವಿಚಾರಣೆಗೂ ಇರುವ ಎರಡು ವ್ಯತ್ಯಾಸಗಳನ್ನು ಬರೆಯಿರಿ.
2. ಕಾಬೂಲ್‌ನ ಕಾವಲಿನ ವಿಷಯ ಎರಡು ಸ್ಥಾಯಿ ಸಮಿತಿಗಳಿಗೆ ಏಕೆ ಸಂಬಂಧಿಸುತ್ತದೆ?
3. ರಾಯಭಾರ ಕಚೇರಿಯ ಭದ್ರತೆ ಕುರಿತು ಬಹಿರಂಗವಾಗಿ ಕೇಳಬಹುದಾದ ಒಂದು ಪ್ರಶ್ನೆ, ಮುಚ್ಚಿದ ಬಾಗಿಲಲ್ಲಿ ಮಾತ್ರ ಕೇಳಬೇಕಾದ ಒಂದು ಪ್ರಶ್ನೆ ಬರೆದು ಕಾರಣ ಕೊಡಿ.
4. ನಿಮ್ಮ ಶಾಲೆಯ ಎಸ್‌ಡಿಎಂಸಿ ಯಾರ ಮೇಲೆ ನಿಗಾ ಇಡುತ್ತದೆ? ಅದು ಕೇಳಿದ ಒಂದು ಪ್ರಶ್ನೆಯನ್ನು ವಿಚಾರಿಸಿ ಬರೆದುಕೊಂಡು ಬನ್ನಿ.

ನಾಲ್ಕನೆಯದನ್ನು ಮನೆಗೆಲಸವಾಗಿ ಕೊಡುವುದು ಒಳ್ಳೆಯದು. ಹೆಚ್ಚಿನ ಮಕ್ಕಳ ತಂದೆತಾಯಿಯರಿಗೆ ಎಸ್‌ಡಿಎಂಸಿ ಸದಸ್ಯರಲ್ಲಿ ಯಾರಾದರೊಬ್ಬರ ಪರಿಚಯ ಇರುತ್ತದೆ. ಕೇಳಿ ತಿಳಿದುಕೊಳ್ಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.