ಬಚ್ಚಿಡಬೇಡಿ, ಬಿಸಿಲಿಗೆ ಹಾಕಿ

ಸೋದರಿಯರೇ, ಈ ಸಲ ನಾನು ಹೇಳಹೊರಟಿರುವುದು ಅಡುಗೆಮನೆಯ ಮಾತಲ್ಲ, ಬಚ್ಚಲುಮನೆಯ ಮಾತು. ಗಂಡಸರ ಎದುರು ಹಾಗಿರಲಿ, ಹೆತ್ತ ಮಗಳ ಎದುರೂ ನಾವು ಬಾಯಿಬಿಟ್ಟು ಆಡದ ಮಾತು. "ಹೊರಗೆ", "ರಜ", "ಕಾಗೆ ಮುಟ್ಟಿದೆ" ಅಂತ ಏನೇನೋ ಹೆಸರಿಟ್ಟು ಮರೆಸುತ್ತೇವಲ್ಲ, ಆ ಮುಟ್ಟಿನ ದಿನಗಳ ಖರ್ಚಿನ ಮತ್ತು ಕಸದ ಮಾತು. ಓದಲು ಮುಜುಗರವಾದರೆ ಪತ್ರಿಕೆ ಮಡಿಸಿಟ್ಟು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಓದಿ. ಆದರೆ ಓದದೆ ಮಾತ್ರ ಬಿಡಬೇಡಿ.

ಈ ಯೋಚನೆಯನ್ನು ನನ್ನ ತಲೆಗೆ ಹಾಕಿದವಳು ನಮ್ಮ ಬೀದಿಗೆ ಕಸದ ಗಾಡಿಯ ಜೊತೆ ಬರುವ ಹೆಂಗಸು. ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡುತ್ತೇನೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಒಂದು ಬೆಳಿಗ್ಗೆ ಅವಳು ನನ್ನ ಎದುರಿಗೇ ಒಣ ಕಸದ ಚೀಲ ಬಿಚ್ಚಿದಳು. ಒಳಗಿದ್ದ ಕರಿ ಪ್ಲಾಸ್ಟಿಕ್ಕಿನ ಗಂಟನ್ನು ಬೆರಳಿನಿಂದ ಹರಿದವಳೇ ಥಟ್ಟನೆ ಕೈ ಹಿಂದಕ್ಕೆ ತೆಗೆದಳು.

"ನಮಗೂ ಬರ್ತದೆ, ನಿಮಗೂ ಬರ್ತದೆ ಅಮ್ಮಾ. ನಮ್ಮದನ್ನ ನಾವು ತೊಳ್ಕೊತೀವಿ. ನಿಮ್ಮದನ್ನ ನಾನು ಕೈಯಲ್ಲಿ ಬಿಡಿಸ್ಬೇಕಾ?" ಅಂದಳು.

ಕೋಪದಿಂದ ಅಂದದ್ದಲ್ಲ. ಸುಮ್ಮನೆ ಅಂದು, ಸೆರಗಿಗೆ ಕೈ ಒರೆಸಿಕೊಂಡು ಮುಂದಿನ ಮನೆಗೆ ಹೋದಳು. ನನಗೆ ಮಾತ್ರ ಅಂದು ತಿಂಡಿ ಸೇರಲಿಲ್ಲ.

ಖರ್ಚೆಷ್ಟು, ಕಸವೆಷ್ಟು?

ಅಂದು ಸಂಜೆ ಲೆಕ್ಕದ ಪುಸ್ತಕ ತೆಗೆದು ಕೂತೆ. ನಾನು, ನನ್ನ ಇಬ್ಬರು ಹೆಣ್ಣುಮಕ್ಕಳು, ಮೂರು ಜನ. ದಿನಕ್ಕೆ 4ರಂತೆ 5 ದಿನಕ್ಕೆ ಒಬ್ಬೊಬ್ಬರಿಗೆ 20 ಪ್ಯಾಡು. ಒಂದಕ್ಕೆ 7 ರೂಪಾಯಿ ಹಿಡಿದರೂ ಮೂವರಿಗೆ ತಿಂಗಳಿಗೆ 420 ರೂಪಾಯಿ, ವರ್ಷಕ್ಕೆ 5,040 ರೂಪಾಯಿ. 2017ರ ಜುಲೈನಲ್ಲಿ ಇದರ ಮೇಲೆ ಶೇಕಡಾ 12 ಜಿ.ಎಸ್.ಟಿ. ಹಾಕಿದ್ದರು. ದೇಶದ ಹೆಂಗಸರೆಲ್ಲ ಗಲಾಟೆ ಮಾಡಿದ ಮೇಲೆ 2018ರ ಜುಲೈನಲ್ಲಿ ತೆಗೆದರು. ತೆರಿಗೆ ಹೋಯಿತು ನಿಜ, ಆದರೆ ಪ್ರತಿ ತಿಂಗಳು ಕೊಳ್ಳುವುದು, ಬಿಸಾಡುವುದು ಎರಡೂ ತಪ್ಪಲಿಲ್ಲವಲ್ಲ!

ಕಸದ ಲೆಕ್ಕ ಇನ್ನೂ ದೊಡ್ಡದು. ವರ್ಷಕ್ಕೆ 240ರಂತೆ 35 ವರ್ಷಕ್ಕೆ ಒಬ್ಬ ಹೆಂಗಸಿನಿಂದ 8,400 ಪ್ಯಾಡು. ನೋಡಲು ಅದು ಹತ್ತಿಯಂತೆ ಕಂಡರೂ ಸಾಮಾನ್ಯವಾಗಿ ಮೈಗೆ ತಾಗುವ ಮೇಲಿನ ಪದರ ಪ್ಲಾಸ್ಟಿಕ್ ಎಳೆಯದು, ಕೆಳಗಿನ ಹಾಳೆ ಪ್ಲಾಸ್ಟಿಕ್, ನಡುವೆ ಮರದ ತಿರುಳು ಮತ್ತು ನೀರು ಹೀರಿ ಉಬ್ಬುವ ಒಂದು ಬಗೆಯ ಪುಡಿ. ಮಣ್ಣಿನಲ್ಲಿ ಹೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕರಗುವುದಿಲ್ಲ. ಹಿತ್ತಲಲ್ಲಿ ಸುಟ್ಟರೆ ಆ ಹೊಗೆ ವಿಷ. ಪಾಯಿಖಾನೆಗೆ ಹಾಕಿದರಂತೂ ಒಳಗೆ ಉಬ್ಬಿ ಪೈಪು ಕಟ್ಟುತ್ತದೆ. ಆಮೇಲೆ ಅದನ್ನು ತೆಗೆಯಲು ಮತ್ತೊಬ್ಬ ಬಡವ ಬರಬೇಕು.

ಬಟ್ಟೆಯದೇ ತಪ್ಪೇ?

"ಹಾಗಾದರೆ ಮತ್ತೆ ಹಳೇ ಸೀರೆಯ ಕಾಲಕ್ಕೆ ಹೋಗಬೇಕೇ?" ಎಂದು ನೀವು ಕೇಳಬಹುದು. ನನ್ನ ಮನಸ್ಸೂ ಮೊದಲು ಇದನ್ನೇ ಕೇಳಿತು. ಏಕೆಂದರೆ ಆ ಕಾಲ ನಾನು ಕಂಡವಳು. ನಮ್ಮದು ಮಲೆನಾಡು. ಮಳೆಗಾಲದಲ್ಲಿ ಉಡುವ ಬಟ್ಟೆಯೇ ಒಣಗದು, ಇನ್ನು ಮುಟ್ಟಿನ ಬಟ್ಟೆ! ಅದನ್ನು ಬಚ್ಚಲ ಕತ್ತಲೆ ಮೂಲೆಯಲ್ಲಿ, ಲಂಗದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಹರಡಬೇಕಿತ್ತು. ಅರೆ ಒಣಗಿದ್ದನ್ನೇ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದೆ. ತೊಡೆ ಸಂದು ಉಜ್ಜಿ ಉರಿಯುತ್ತಿತ್ತು. ಬೆಂಚಿನಿಂದ ಏಳುವಾಗಲೆಲ್ಲ ಗೆಳತಿಯ ಕಡೆ ತಿರುಗಿ "ಹಿಂದೆ ನೋಡೇ" ಎನ್ನುವುದು. ಪ್ಯಾಡ್ ಬಂದಾಗ ನನಗದು ವರವೇ ಆಯಿತು. ಅದನ್ನು ಹಳಿಯಲು ನನಗೆ ಬಾಯಿ ಬಾರದು.

ಆದರೆ ಈಗ ಯೋಚಿಸಿದರೆ ತಿಳಿಯುತ್ತದೆ, ತಪ್ಪು ಬಟ್ಟೆಯದಲ್ಲ. ಬಚ್ಚಿಟ್ಟದ್ದೇ ತಪ್ಪು. ಮಗುವಿಗೂ ನಾವು ಬಟ್ಟೆಯನ್ನೇ ಕಟ್ಟುತ್ತೇವೆ. ಅದನ್ನು ಒಗೆದು ಅಂಗಳದ ಹಗ್ಗದ ಮೇಲೆ ಸಾಲಾಗಿ ಹಾಕುತ್ತೇವೆ. ಯಾರೂ ಅಸಹ್ಯಪಡುವುದಿಲ್ಲ, ಮಗುವಿಗೂ ಏನೂ ಆಗುವುದಿಲ್ಲ. ನಮ್ಮದಕ್ಕೆ ಮಾತ್ರ ಬಿಸಿಲಿಲ್ಲ, ಸಾಬೂನಿಲ್ಲ, ಜಾಗವಿಲ್ಲ. ಸೋಂಕು ಬಾರದೆ ಇನ್ನೇನು ಬಂದೀತು?

ಬಟ್ಟೆ ನಮ್ಮಿಂದ ಪೂರ್ತಿ ದೂರವಾಗಿಯೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 64ರಷ್ಟು ಜನ ಪ್ಯಾಡ್ ಬಳಸುವುದಾಗಿ ಹೇಳಿದರು. ಬಟ್ಟೆ ಬಳಸುವುದಾಗಿ ಹೇಳಿದವರೂ ಹತ್ತಿರ ಹತ್ತಿರ ಅರ್ಧದಷ್ಟಿದ್ದರು. ಎರಡನ್ನೂ ಬಳಸುವವರು ಅನೇಕರು. ಆದ್ದರಿಂದ ಬಟ್ಟೆಯನ್ನು ಸರಿಯಾಗಿ ಬಳಸುವುದು ಹೇಗೆಂದು ತಿಳಿದರೆ ಎಲ್ಲರಿಗೂ ಒಳ್ಳೆಯದೇ.

ಮನೆಯಲ್ಲೇ ಹೊಲಿಯಿರಿ

ಅಂಗಡಿಯಲ್ಲಿ ಒಗೆದು ಬಳಸುವ ಪ್ಯಾಡ್ ಸಿಗುತ್ತದೆ. 2021ರಲ್ಲಿ ಇದಕ್ಕೂ ಭಾರತೀಯ ಮಾನಕ ಬಂದಿದೆ. ಒಂದಕ್ಕೆ ಇನ್ನೂರು ರೂಪಾಯಿಯ ಆಸುಪಾಸು. ಹೊಲಿಗೆ ಯಂತ್ರ ಇರುವವರಿಗೆ ಮನೆಯ ಕೆಲಸವೇ ಅಗ್ಗ.

ಬೇಕಾಗುವ ಸಾಮಾನು: ಎಳೆ ಮಕ್ಕಳಿಗೆ ಬಳಸುವ ಹತ್ತಿಯ ಫ್ಲಾನೆಲ್ ಬಟ್ಟೆ 2 ಮೀಟರ್, ದಾರ, ಟಿಚ್ ಬಟನ್ 8 ಜೊತೆ. ಇಷ್ಟರಲ್ಲಿ 8 ಪ್ಯಾಡ್ ಆಗುತ್ತದೆ. ಬಣ್ಣ ಸ್ವಲ್ಪ ಗಾಢವಾಗಿರಲಿ.

ಮಾಡುವ ವಿಧಾನ: ಮೊದಲು ಬಟ್ಟೆಯನ್ನು ನೆನೆಸಿ ಒಗೆದು ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಅಂಗಡಿಯ ರೆಕ್ಕೆಯ ಪ್ಯಾಡನ್ನೇ ಕಾಗದದ ಮೇಲಿಟ್ಟು ಗುರುತು ಹಾಕಿ, ಸುತ್ತ ಅರ್ಧ ಅಂಗುಲ ಜಾಸ್ತಿ ಬಿಟ್ಟು ಕತ್ತರಿಸಿ. ಈ ಅಳತೆಗೆ 2 ತುಂಡು. ಒಳಗೆ ತುಂಬಲು 9 ಅಂಗುಲ ಉದ್ದ, 3 ಅಂಗುಲ ಅಗಲದ 4 ತುಂಡು. ಈ ನಾಲ್ಕನ್ನು ಒಂದರ ಮೇಲೊಂದಿಟ್ಟು, ಒಂದು ದೊಡ್ಡ ತುಂಡಿನ ಒಳಮೈ ನಡುವಿಗೆ ಹೊಲಿಯಿರಿ. ಇನ್ನೊಂದು ದೊಡ್ಡ ತುಂಡನ್ನು ಹೊರಮೈಗೆ ಹೊರಮೈ ಕೂಡಿಸಿ, 2 ಅಂಗುಲ ಬಾಯಿ ಬಿಟ್ಟು ಸುತ್ತ ಹೊಲಿದು, ಮಗುಚಿ, ಬಾಯಿ ಮುಚ್ಚಿ. ರೆಕ್ಕೆಯ ತುದಿಗಳಿಗೆ ಟಿಚ್ ಬಟನ್ ಹಾಕಿ. ಒಂದು ರೆಕ್ಕೆಯದು ಮೇಲ್ಮುಖ, ಇನ್ನೊಂದರದು ಕೆಳಮುಖ ಇರಬೇಕೆಂಬುದು ನೆನಪಿರಲಿ. ನಾನು ಮೊದಲನೆಯದರಲ್ಲಿ ಇದನ್ನೇ ತಪ್ಪಿ ಪೂರ್ತಿ ಬಿಚ್ಚಬೇಕಾಯಿತು! ರಾತ್ರಿಗೆ ಇನ್ನೆರಡು ಅಂಗುಲ ಉದ್ದ ಮಾಡಿಕೊಳ್ಳಿ.

ಒಗೆಯುವ ಕ್ರಮ

4ರಿಂದ 6 ಗಂಟೆಗೊಮ್ಮೆ ಬದಲಿಸಿ, ಹೆಚ್ಚು ಹೋಗುವಾಗ ಇನ್ನೂ ಬೇಗ. ತೆಗೆದದ್ದನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ. ಬಿಸಿನೀರು ಮೊದಲೇ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆ ನೀರು ಚೆಲ್ಲಿ, ಬಾರ್ ಸಾಬೂನಿನಿಂದ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಬಿಳುಪಿನ ಪುಡಿ, ಬಟ್ಟೆ ಮೆತ್ತಗಾಗಿಸುವ ದ್ರಾವಣ ಬೇಡ. ಬಟ್ಟೆ ಹೀರುವ ಗುಣ ಕಳೆದುಕೊಳ್ಳುತ್ತದೆ. ಆಮೇಲೆ ಬಿಸಿಲು, ಚೆನ್ನಾದ ಬಿಸಿಲು. ಮಳೆಗಾಲದಲ್ಲಿ ಗಾಳಿಯಾಡುವ ಕಡೆ ಒಣಗಿಸಿ, ಮೇಲೆ ಇಸ್ತ್ರಿ ಆಡಿಸಿ. ಒಂದಿಷ್ಟು ತೇವವಿದ್ದರೂ ಪೆಟ್ಟಿಗೆಗೆ ಹಾಕಬೇಡಿ. ತೆಳುವಾದದ್ದನ್ನು, ವಾಸನೆ ಬಿಡದ್ದನ್ನು ತೆಗೆದುಹಾಕಿ.

ಕಪ್ಪಿನ ವಿಷಯ

ಕಾಲೇಜಿಗೆ ಹೋಗುವ ನನ್ನ ದೊಡ್ಡ ಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮುಟ್ಟಿನ ಕಪ್ ತಂದಳು. ನಾನು ಹೌಹಾರಿದೆ. ಇದು ನಿನ್ನೆ ಮೊನ್ನೆಯದಲ್ಲವಂತೆ. ಲಿಯೋನಾ ಚಾಮರ್ಸ್ ಎಂಬ ಅಮೆರಿಕದ ನಟಿ 1937ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದಳು. ಈಗಿನವು ವೈದ್ಯಕೀಯ ದರ್ಜೆಯ ಸಿಲಿಕೋನಿನವು. ಮಡಿಸಿ ಯೋನಿಯೊಳಗೆ ಇಟ್ಟುಕೊಂಡರೆ ಅಲ್ಲೇ ಅರಳಿ ಸ್ರಾವವನ್ನು ಹಿಡಿಯುತ್ತದೆ. ಹೆಚ್ಚೆಂದರೆ 12 ಗಂಟೆಯೊಳಗೆ ತೆಗೆದು, ಚೆಲ್ಲಿ, ತೊಳೆದು ಮತ್ತೆ ಇಟ್ಟುಕೊಳ್ಳಬೇಕು. ಮಗಳು ತಂದದ್ದಕ್ಕೆ 400 ರೂಪಾಯಿ. ಜೋಪಾನ ಮಾಡಿದರೆ ವರ್ಷಗಟ್ಟಲೆ ಬರುತ್ತದೆ.

2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಎಂಬ ವೈದ್ಯಕೀಯ ಪತ್ರಿಕೆ 43 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವರದಿ ಪ್ರಕಟಿಸಿತು. ಸೋರುವಿಕೆಯಲ್ಲಿ ಕಪ್ಪು ಪ್ಯಾಡಿಗೇನೂ ಕಡಿಮೆಯಿಲ್ಲ, ಬಳಸಿ ರೂಢಿಯಾದವರಲ್ಲಿ ಬಹುಪಾಲು ಜನ ಅದನ್ನೇ ಮುಂದುವರಿಸಲು ಬಯಸಿದರು ಎಂದು ಅದರಲ್ಲಿತ್ತು. ಕೇರಳದಲ್ಲಿ ಕೊಚ್ಚಿಯ ಹತ್ತಿರದ ಕುಂಬಳಂಗಿ ಎಂಬ ಊರಿನ ಹೆಂಗಸರಿಗೆ ಸಾವಿರಾರು ಕಪ್ಪು ಹಂಚಿ, 2022ರ ಜನವರಿಯಲ್ಲಿ ಅದನ್ನು ಪ್ಯಾಡ್ ಇಲ್ಲದ ಪಂಚಾಯತಿ ಎಂದೇ ಸಾರಿದರು. ನಮ್ಮಲ್ಲೂ 2022–23ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಸರ್ಕಾರ 'ಮೈತ್ರಿ' ಎಂಬ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಕಪ್ಪು ಕೊಡುವ ಪ್ರಯೋಗ ಮಾಡಿತು.

ಜಾಗ್ರತೆಗಳು: ಪ್ರತಿ ತಿಂಗಳು ಮೊದಲು ಮತ್ತು ಕೊನೆಗೆ ಬೇರೆ ಪಾತ್ರೆಯಲ್ಲಿ 5 ನಿಮಿಷ ಕುದಿಸಬೇಕು. ಕೈ ಸಾಬೂನಿನಿಂದ ತೊಳೆಯದೆ ಮುಟ್ಟಬಾರದು. ಒಗ್ಗಲು ಎರಡು ಮೂರು ತಿಂಗಳು ಬೇಕು. ವಂಕಿ ಹಾಕಿಸಿಕೊಂಡವರು, ಹೊಸ ಬಾಣಂತಿಯರು, ಗರ್ಭಕೋಶ ಜಾರಿದವರು ಡಾಕ್ಟರನ್ನು ಕೇಳದೆ ಬಳಸಬಾರದು. ಕಪ್ಪು ಇಟ್ಟುಕೊಂಡಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ದದ್ದು ಬಂದರೆ ಕೂಡಲೇ ತೆಗೆದು ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೂ ತಿಳಿದಿರಲಿ. ಇನ್ನು "ಮದುವೆಯಾಗದ ಹುಡುಗಿ ಬಳಸಬಹುದೇ?" ಎಂಬ ಪ್ರಶ್ನೆ. ಬಳಸಬಹುದು. ಒಳಗಿನ ಪೊರೆ ಹಿಗ್ಗುವಂಥದ್ದು. ಆಟ ಓಟದಲ್ಲೂ ಹರಿಯಬಹುದು. ಹುಡುಗಿಯ ನಡತೆಯನ್ನು ಅದರಿಂದ ಅಳೆಯುವುದು ಅಜ್ಞಾನ. ಹಾಗಂತ ಬಲವಂತ ಬೇಡ. ನನ್ನ ಚಿಕ್ಕ ಮಗಳು ಒಲ್ಲೆ ಅಂದಳು, ಬಟ್ಟೆಯಲ್ಲೇ ಸುಖವಾಗಿದ್ದಾಳೆ. ನಾನೂ ಅಷ್ಟೇ.

ಹಗ್ಗ ಕಟ್ಟುವುದೇ ಕಷ್ಟ

ಹೊಲಿಗೆ, ತೊಳೆಯುವುದು ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಒಣಗಿಸುವ ಹಗ್ಗ ಕಟ್ಟುವಾಗ. "ಬಂದು ಹೋಗುವವರು ಏನಂದುಕೊಂಡಾರು? ಹಗ್ಗದ ತುಂಬ ಅದೇ ಹಾಕ್ತೀಯಾ?" ಅಂತ ಅತ್ತೆಯವರು ಅಂದರು. ನಾನು ಎದುರಾಡಲಿಲ್ಲ. ಬಚ್ಚಲ ಹಿಂದೆ ಬಿಸಿಲು ಬೀಳುವ ಕಡೆ ಬೇರೆ ಹಗ್ಗ ಕಟ್ಟಿಕೊಡಿ ಎಂದು ನಮ್ಮ ಮನೆಯವರನ್ನು ಕೇಳಿದೆ. ಏಕೆ ಎಂದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಏಕೆಂದು ಸರಿಯಾಗಿ ಹೇಳಿದೆ. ಏನೂ ಮಾತಾಡದೆ ಮೊಳೆ, ಸುತ್ತಿಗೆ ತಂದರು.

ಕೆಲವು ದಿನಗಳ ನಂತರ ಅತ್ತೆ ನನ್ನ ಪಕ್ಕ ಬಂದು ಕೂತರು. "ನಾವು ಹೊರಗೆ ಕೂತಾಗ ಎರಡೇ ಬಟ್ಟೆ. ಮಳೆಗಾಲದಲ್ಲಿ ಹಸೀದನ್ನೇ ಕಟ್ಕೊಳ್ತಿದ್ವಿ. ತೊಡೆ ಸುಲಿದು ನಡೆಯೋಕಾಗ್ತಿರಲಿಲ್ಲ. ಯಾರಿಗೆ ಹೇಳೋದು?" ಎಂದರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಈಗ ಮೋಡ ಸರಿದ ಕೂಡಲೇ ಮೊಮ್ಮಗಳನ್ನು ಕೂಗುವವರು ಅವರೇ: "ಬಿಸಿಲು ಬಂತು ನೋಡೇ, ಆಚೆ ಹಾಕು."

ಮೊದಲ ವರ್ಷ ಬಟ್ಟೆ, ಬಟನ್, ಕಪ್ಪು, ಪ್ರಯಾಣಕ್ಕೆಂದು ಇಟ್ಟುಕೊಂಡ ಒಂದೆರಡು ಪ್ಯಾಕೆಟ್ ಪ್ಯಾಡ್ ಎಲ್ಲ ಸೇರಿ 1,500 ರೂಪಾಯಿ ದಾಟಲಿಲ್ಲ. ಉಳಿದ ಮೂರೂವರೆ ಸಾವಿರವನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತಾ ಬಂದೆ. ಆ ಹಣದಲ್ಲಿ ಹಗ್ಗದ ಮೇಲೆ ಬೆಳಕು ಬೀಳುವ ಶೀಟು ಹೊದಿಸಿದೆವು. ಈಗ ಮಳೆಗಾಲದ ಚಿಂತೆಯೂ ಅರ್ಧ ಕಳೆಯಿತು.

ಒಂದು ಮಾತು ಮಾತ್ರ ಮರೆಯಬೇಡಿ. ನೀರಿಲ್ಲದ ಕಡೆ, ಹಾಸ್ಟೆಲಿನಲ್ಲಿ, ದಿನವಿಡೀ ಹೊರಗೆ ದುಡಿಯುವ ಕಡೆ ಪ್ಯಾಡೇ ಅನುಕೂಲ. ಅಂಥವರನ್ನು ಹೀಗಳೆಯಬೇಡಿ. ಆದರೆ ಬಳಸಿದ್ದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಬಿಡಿಸಿ ನೋಡುವ ಕೈಯೂ ಒಬ್ಬ ಹೆಂಗಸಿನದೇ.

ಎಲ್ಲವನ್ನೂ ಒಂದೇ ಸಲ ಬದಲಿಸಬೇಕಿಲ್ಲ. ಈ ತಿಂಗಳು ಎರಡು ಹೊಲಿದು, ರಾತ್ರಿ ಮನೆಯಲ್ಲಿರುವಾಗ ಬಳಸಿ ನೋಡಿ. ಹೊಲಿಯುವುದಕ್ಕೆ ಮೊದಲು ಹಿತ್ತಲಿಗೆ ಹೋಗಿ, ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡು ಒಂದು ಹಗ್ಗ ಕಟ್ಟಿಸಿ. ಮಗಳ ಕೈಯಲ್ಲೇ ಹರವಿಸಿ. ನಾವು ಬಚ್ಚಿಟ್ಟು ಪಟ್ಟ ಪಾಡು ಅವಳಿಗೆ ಬೇಡ.