ಕ್ರಮಯೋಜನೆ, ವಿಕಲ್ಪ ಮತ್ತು ಮಹಾವೀರಾಚಾರ್ಯನ ಸೂತ್ರ

ಹನ್ನೊಂದನೆಯ ತರಗತಿಯ ಗಣಿತದಲ್ಲಿ ಕ್ರಮಯೋಜನೆ ಮತ್ತು ವಿಕಲ್ಪಗಳೆಂಬ ಪ್ರಕರಣವು ವಿದ್ಯಾರ್ಥಿಗಳನ್ನು ವಿಚಿತ್ರವಾದ ಸಂಕಟಕ್ಕೆ ಗುರಿಮಾಡುತ್ತದೆ. ಇಲ್ಲಿ ಲೆಕ್ಕ ಮಾಡುವುದು ಕಷ್ಟವಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು ಇವಿಷ್ಟನ್ನು ಬಲ್ಲವನಿಗೆ ಸಾಕು. ಆದರೂ ಪ್ರಶ್ನೆಯನ್ನು ಓದಿದೊಡನೆ ಎರಡು ಸೂತ್ರಗಳಲ್ಲಿ ಯಾವುದನ್ನು ಹಿಡಿಯಬೇಕೆಂಬ ಸಂದೇಹವು ತಲೆದೋರಿ, ಬುದ್ಧಿವಂತರಾದ ಮಕ್ಕಳು ಕೂಡ ತಪ್ಪುದಾರಿಯನ್ನು ತುಳಿಯುವುದುಂಟು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಗಳ ಮಕ್ಕಳು ಈ ವಿಷಯವನ್ನು ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಓದುವವರಾದುದರಿಂದ, ಮನೆಯ ಹಿರಿಯರು ತಮ್ಮಿಂದ ಇದನ್ನು ತಿಳಿಸಲಾಗದೆಂದು ಸುಮ್ಮನಾಗುವುದೂ ಉಂಟು. ಹಾಗೆ ಸುಮ್ಮನಾಗಲು ಕಾರಣವಿಲ್ಲ. ಈ ಎಣಿಕೆಯ ಮೂಲತತ್ತ್ವವು ಮನೆಮಾತಿನಲ್ಲಿ ಹೇಳತಕ್ಕಷ್ಟು ಸರಳವಾದುದು. ಅಷ್ಟೇ ಅಲ್ಲ, ಅದರ ಸಾಮಾನ್ಯ ಸೂತ್ರವು ಕನ್ನಡನಾಡಿನ ದೊರೆಯೊಬ್ಬನ ಕೀರ್ತನೆಯೊಡನೆ ಮೊದಲಾಗುವ ಗ್ರಂಥದಲ್ಲಿ ನಿರೂಪಿತವಾಗಿದೆ.

೧. ಎಣಿಕೆಯ ಮೊದಲ ನಿಯಮ

ಥಾಣೆಯಿಂದ ಕಲ್ಯಾಣಕ್ಕೆ ಹೋಗುವ ರೈಲುದಾರಿಯಲ್ಲಿ ಥಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಕಲ್ಯಾಣ ಎಂದು ಎಂಟು ನಿಲ್ದಾಣಗಳಿವೆ. ೧೮೫೩ರ ಏಪ್ರಿಲ್ ೧೬ರಂದು ಬೋರಿಬಂದರದಿಂದ ಹೊರಟ ಭಾರತದ ಮೊದಲ ಪ್ರಯಾಣಿಕರ ರೈಲು ಥಾಣೆಯಲ್ಲಿ ನಿಂತಿತು. ಮರುವರ್ಷ ದಾರಿಯು ಕಲ್ಯಾಣದವರೆಗೆ ಬೆಳೆಯಿತು. ಹೊರಡುವ ಊರನ್ನೂ ತಲಪುವ ಊರನ್ನೂ ಅಚ್ಚುಮಾಡಿದ ರಟ್ಟಿನ ಟಿಕೆಟ್ಟುಗಳು ಬಹುಕಾಲ ಬಳಕೆಯಲ್ಲಿದ್ದುದನ್ನು ಹಿರಿಯರು ಬಲ್ಲರು. ಈ ಎಂಟು ನಿಲ್ದಾಣಗಳೊಳಗಿನ ಪ್ರಯಾಣಕ್ಕೆ ಅಂತಹ ಎಷ್ಟು ಬಗೆಯ ಟಿಕೆಟ್ಟುಗಳು ಬೇಕು?

ಹೊರಡುವ ನಿಲ್ದಾಣವನ್ನು ೮ ವಿಧವಾಗಿ ಆರಿಸಬಹುದು. ಅದನ್ನು ಆರಿಸಿದ ಮೇಲೆ, ತಲಪುವ ನಿಲ್ದಾಣಕ್ಕೆ ಉಳಿದ ೭ ಅವಕಾಶಗಳಿವೆ. ಮೊದಲನೆಯ ಪ್ರತಿಯೊಂದು ಆಯ್ಕೆಗೂ ಎರಡನೆಯದರ ಏಳು ಆಯ್ಕೆಗಳು ಹೊಂದುವುದರಿಂದ ಒಟ್ಟು ೮ × ೭ = ೫೬ ಬಗೆಯ ಟಿಕೆಟ್ಟುಗಳು. ಒಂದು ಕೆಲಸವನ್ನು ಇಷ್ಟು ವಿಧವಾಗಿಯೂ, ಅದಾದ ಮೇಲೆ ಇನ್ನೊಂದನ್ನು ಇಷ್ಟು ವಿಧವಾಗಿಯೂ ಮಾಡಬಹುದಾದರೆ, ಎರಡನ್ನೂ ಮಾಡುವ ವಿಧಗಳು ಅವುಗಳ ಗುಣಲಬ್ಧದಷ್ಟು. ಇದೇ ಈ ಪ್ರಕರಣದ ಮೊದಲ ನಿಯಮ. ಮುಂದೆ ಬರುವ ಸೂತ್ರಗಳೆಲ್ಲವೂ ಈ ಒಂದು ಬೇರಿನ ಚಿಗುರುಗಳೇ.

೨. ಕ್ರಮಗುಣಿತ

ಸಂಧ್ಯಾವಂದನೆಯಲ್ಲಿ ಆಚಮನ ಮಾಡುವಾಗ ಕೇಶವ, ನಾರಾಯಣ, ಮಾಧವ ಎಂದು ಮೊದಲಾಗಿ ಹೇಳುವ ವಿಷ್ಣುನಾಮಗಳು ಇಪ್ಪತ್ತನಾಲ್ಕು. ಈ ನಾಮಗಳಿಗೆ ಹೊಂದುವ ಚತುರ್ವಿಂಶತಿ ಮೂರ್ತಿಗಳಲ್ಲಿ ಆಯುಧಗಳು ನಾಲ್ಕೇ: ಶಂಖ, ಚಕ್ರ, ಗದೆ, ಪದ್ಮ. ಯಾವ ಕೈಯಲ್ಲಿ ಯಾವುದಿದೆಯೆಂಬ ಕ್ರಮದಿಂದಲೇ ಒಂದು ಮೂರ್ತಿಯು ಮತ್ತೊಂದರಿಂದ ಬೇರೆಯೆಂದು ಶಿಲ್ಪಿಗಳು ಗುರುತಿಸುತ್ತಾರೆ. ಕೆಲವು ಮೂರ್ತಿಗಳ ಆಯುಧಕ್ರಮದ ವಿಷಯದಲ್ಲಿ ಗ್ರಂಥಗಳೊಳಗೆ ಮತಭೇದವುಂಟಾದರೂ ಒಟ್ಟು ಸಂಖ್ಯೆಯು ಇಪ್ಪತ್ತನಾಲ್ಕೇ. ಅದು ಇಪ್ಪತ್ತಮೂರಾಗಲಿ ಇಪ್ಪತ್ತೈದಾಗಲಿ ಏಕಾಗದು? ಮೊದಲ ಕೈಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಬಹುದು, ಎರಡನೆಯದಕ್ಕೆ ಉಳಿದ ಮೂರರಲ್ಲೊಂದನ್ನು, ಮೂರನೆಯದಕ್ಕೆ ಎರಡರಲ್ಲೊಂದನ್ನು, ಕೊನೆಯ ಕೈಗೆ ಉಳಿದುದೇ ಗತಿ. ೪ × ೩ × ೨ × ೧ = ೨೪.

ಒಂದರಿಂದ ಮೊದಲಾಗಿ ಒಂದು ಸಂಖ್ಯೆಯವರೆಗೆ ಕ್ರಮವಾಗಿ ಗುಣಿಸಿ ಬಂದ ಲಬ್ಧಕ್ಕೆ ಇಂಗ್ಲಿಷಿನಲ್ಲಿ ಫ್ಯಾಕ್ಟೋರಿಯಲ್ ಎಂದು ಹೆಸರು. ಕನ್ನಡದಲ್ಲಿ ಕ್ರಮಗುಣಿತವೆಂದರೆ ಅರ್ಥವು ತಾನಾಗಿ ಹೊಳೆಯುತ್ತದೆ. ಸಂಖ್ಯೆಯ ಮುಂದೆ ಆಶ್ಚರ್ಯಸೂಚಕ ಚಿಹ್ನೆಯನ್ನಿಟ್ಟು ಇದನ್ನು ಬರೆಯುವ ರೂಢಿಯನ್ನು ೧೮೦೮ರಲ್ಲಿ ಕ್ರಿಶ್ಚಿಯನ್ ಕ್ರಾಂಪ್ ಎಂಬ ಗಣಿತಜ್ಞನು ತಂದನು. ಹೀಗೆ ೪! = ೨೪.

ಭಾಸ್ಕರಾಚಾರ್ಯನು ೧೧೫೦ರಲ್ಲಿ ರಚಿಸಿದ ‘ಲೀಲಾವತಿ’ಯ ಅಂಕಪಾಶವೆಂಬ ಪ್ರಕರಣದಲ್ಲಿ ಹರಿಯ ನಾಲ್ಕು ಆಯುಧಗಳ ಈ ಲೆಕ್ಕವೇ ಉದಾಹರಣೆಯಾಗಿ ಬಂದಿದೆ. ಅದರ ಜೊತೆಗೆ ಹತ್ತು ಕೈಗಳ ಶಂಭುವಿನ ಹತ್ತು ಆಯುಧಗಳ ಪ್ರಶ್ನೆಯೂ ಇದೆ. ಅದಕ್ಕೆ ಉತ್ತರವು ೧೦!, ಎಂದರೆ ೩೬,೨೮,೮೦೦. ಆಯುಧಗಳು ನಾಲ್ಕರಿಂದ ಹತ್ತಕ್ಕೆ ಏರಿದ ಮಾತ್ರಕ್ಕೆ ರೂಪಗಳು ಇಪ್ಪತ್ತನಾಲ್ಕರಿಂದ ಮೂವತ್ತಾರು ಲಕ್ಷಕ್ಕೆ ಏರಿದವು. ಕ್ಷಣಕ್ಕೊಂದರಂತೆ, ಎಂದರೆ ಸೆಕೆಂಡಿಗೊಂದರಂತೆ, ಊಟ ನಿದ್ರೆಗಳಿಲ್ಲದೆ ಈ ರೂಪಗಳನ್ನು ಚಿತ್ರಿಸುತ್ತ ಹೋದರೆ ಸರಿಯಾಗಿ ನಲವತ್ತೆರಡು ದಿನಗಳು ಬೇಕಾಗುತ್ತವೆ. ಒಂದೊಂದಾಗಿ ಬರೆದು ಎಣಿಸುವ ದಾರಿ ಇಲ್ಲಿ ಮುಚ್ಚಿಹೋಗುವುದರಿಂದಲೇ ಸೂತ್ರದ ಆವಶ್ಯಕತೆ.

ಸೊನ್ನೆಯ ಕ್ರಮಗುಣಿತವು ಒಂದೆಂಬುದು ಅನೇಕ ವಿದ್ಯಾರ್ಥಿಗಳಿಗೆ ಒಗಟಾಗಿ ತೋರುತ್ತದೆ. ೫!ವನ್ನು ೫ರಿಂದ ಭಾಗಿಸಿದರೆ ೪! ಬರುತ್ತದೆ, ೪!ವನ್ನು ೪ರಿಂದ ಭಾಗಿಸಿದರೆ ೩!. ಹೀಗೆಯೇ ಇಳಿಯುತ್ತ ಬಂದು ೧!ವನ್ನು ೧ರಿಂದ ಭಾಗಿಸಿದರೆ ೦! ಬರಬೇಕು, ಅದು ಒಂದು. ಏನೂ ಇಲ್ಲದುದನ್ನು ಜೋಡಿಸುವ ವಿಧವು ಒಂದೇ: ಏನನ್ನೂ ಜೋಡಿಸದಿರುವುದು.

೩. ಎಲ್ಲವನ್ನೂ ಬಳಸದಿರುವಾಗ

ನವಿಮುಂಬಯಿಯ ವಾಹನಗಳ ನೋಂದಣಿಯು ಎಂ.ಎಚ್. ೪೩ ಎಂದು ಮೊದಲಾಗುತ್ತದೆ. ಕೊನೆಯಲ್ಲಿ ನಾಲ್ಕು ಅಂಕಗಳಿರುತ್ತವೆ. ೦೦೦೧ರಿಂದ ೯೯೯೯ರವರೆಗಿನ ಒಂದು ಸರಣಿಯಲ್ಲಿ, ನಾಲ್ಕೂ ಅಂಕಗಳು ಬೇರೆಬೇರೆಯಾಗಿರುವ ಸಂಖ್ಯೆಗಳೆಷ್ಟು? ಮೊದಲ ಸ್ಥಾನಕ್ಕೆ ಹತ್ತು ಅಂಕಗಳು, ಎರಡನೆಯದಕ್ಕೆ ಒಂಬತ್ತು, ಮುಂದೆ ಎಂಟು, ಏಳು. ೧೦ × ೯ × ೮ × ೭ = ೫,೦೪೦. ಒಟ್ಟು ೯,೯೯೯ ಸಂಖ್ಯೆಗಳಲ್ಲಿ ಇದು ಅರ್ಧಕ್ಕಿಂತ ತುಸು ಹೆಚ್ಚು.

ಪಠ್ಯಪುಸ್ತಕದ ಸೂತ್ರವು ಇದನ್ನೇ ೧೦!ವನ್ನು ೬!ದಿಂದ ಭಾಗಿಸಿದ ಲಬ್ಧವೆಂದು ಹೇಳುತ್ತದೆ. ಬಳಸದೆ ಉಳಿದ ಆರು ಸ್ಥಾನಗಳ ಗುಣಕಗಳನ್ನು ಭಾಗಾಕಾರದಿಂದ ತೆಗೆದುಹಾಕುವುದಷ್ಟೇ ಇದರ ಅಭಿಪ್ರಾಯ. ಈ ೫,೦೪೦ ಎಂಬುದು ೭!ಕ್ಕೂ ಸಮನಾಗಿರುವುದು ಒಂದು ವಿನೋದ: ೮ × ೯ × ೧೦ = ೭೨೦ = ೬! ಆದುದರಿಂದ ೧೦!ವು ೬! ಮತ್ತು ೭!ಗಳ ಗುಣಲಬ್ಧವಾಗಿದೆ.

೪. ಒಂದೇ ರೂಪವು ಮತ್ತೆ ಮತ್ತೆ ಬಂದಾಗ

‘ಕಲಕಲ’ ಎಂಬ ಶಬ್ದದ ನಾಲ್ಕು ಅಕ್ಷರಗಳನ್ನು ಎಷ್ಟು ವಿಧವಾಗಿ ಜೋಡಿಸಬಹುದು? ೪! ಎಂದು ಇಪ್ಪತ್ತನಾಲ್ಕನ್ನು ಹೇಳಿದರೆ ತಪ್ಪಾಗುತ್ತದೆ. ಬರೆದುನೋಡಿದರೆ ದೊರೆಯುವುವು ಆರೇ: ಕಕಲಲ, ಕಲಕಲ, ಕಲಲಕ, ಲಕಕಲ, ಲಕಲಕ, ಲಲಕಕ. ಎರಡು ಕಕಾರಗಳನ್ನು ಅದಲುಬದಲು ಮಾಡಿದರೆ ಹೊಸ ರೂಪವೇನೂ ಹುಟ್ಟದು. ಲಕಾರಗಳನ್ನು ಮಾಡಿದರೂ ಅಷ್ಟೆ. ಆದುದರಿಂದ ಇಪ್ಪತ್ತನಾಲ್ಕರ ಎಣಿಕೆಯಲ್ಲಿ ಪ್ರತಿಯೊಂದು ರೂಪವೂ ೨ × ೨ = ೪ ಬಾರಿ ಸೇರಿಕೊಂಡಿದೆ; ೨೪ನ್ನು ೪ರಿಂದ ಭಾಗಿಸಿದರೆ ೬. ಭಾಸ್ಕರನು ೨, ೨, ೧, ೧ ಎಂಬ ಅಂಕಗಳನ್ನು ಕೊಟ್ಟು ಇದೇ ಪ್ರಶ್ನೆಯನ್ನು ಕೇಳಿ, ಹೀಗೆ ದೊರೆತ ಆರು ಸಂಖ್ಯೆಗಳ ಮೊತ್ತವನ್ನೂ ಕೇಳುತ್ತಾನೆ. ಮೊತ್ತವು ೯,೯೯೯ ಆಗುತ್ತದೆ.

ಇಲ್ಲಿ ಕಂಡ ಯುಕ್ತಿಯೇ ಮುಂದಿನ ಹೆಜ್ಜೆಗೆ ಕೀಲಿಕೈ. ಮೊದಲು ಎಲ್ಲವೂ ಭಿನ್ನವೆಂದು ಎಣಿಸುವುದು. ಆಮೇಲೆ, ಒಂದೇ ವಸ್ತುವನ್ನು ಎಷ್ಟು ಬಾರಿ ಎಣಿಸಿದಂತಾಯಿತೆಂದು ವಿಚಾರಿಸಿ, ಅಷ್ಟರಿಂದ ಭಾಗಿಸುವುದು.

೫. ವಿಕಲ್ಪ: ಕ್ರಮವು ಲೆಕ್ಕಕ್ಕೆ ಬಾರದಾಗ

ಸಂಘವೊಂದರ ಕಾರ್ಯಕಾರಿ ಸಮಿತಿಯಲ್ಲಿ ಹತ್ತು ಮಂದಿ ಇದ್ದಾರೆಂದು ಇಟ್ಟುಕೊಂಡರೆ, ಅವರಿಂದ ಅಧ್ಯಕ್ಷ, ಕಾರ್ಯದರ್ಶಿ, ಕೋಶಾಧಿಕಾರಿಗಳನ್ನು ೧೦ × ೯ × ೮ = ೭೨೦ ವಿಧವಾಗಿ ಆರಿಸಬಹುದು. ಆದರೆ ನಾಟಕೋತ್ಸವದ ವ್ಯವಸ್ಥೆಗಾಗಿ ಮೂವರ ಉಪಸಮಿತಿಯನ್ನು ರಚಿಸುವುದಾದರೆ, ಅಲ್ಲಿ ಹಿರಿಕಿರಿಯ ಸ್ಥಾನಗಳಿಲ್ಲ. ಅದೇ ಮೂವರು ೩! = ೬ ಕ್ರಮಗಳಲ್ಲಿ ಎಣಿಕೆಗೆ ಬಂದಿರುವುದರಿಂದ ೭೨೦ನ್ನು ೬ರಿಂದ ಭಾಗಿಸಬೇಕು; ೧೨೦ ಉಪಸಮಿತಿಗಳು. ಮೊದಲನೆಯದು ಕ್ರಮಯೋಜನೆ, ಎರಡನೆಯದು ವಿಕಲ್ಪ. ಎರಡು ಬೇರೆ ಬೇರೆ ಸೂತ್ರಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ವಿಕಲ್ಪವೆಂದರೆ ಅಧಿಕವಾಗಿ ಎಣಿಸಿದುದನ್ನು ಭಾಗಿಸಿ ಶುದ್ಧಗೊಳಿಸಿದ ಕ್ರಮಯೋಜನೆ.

ಈ ಭಾಗಾಕಾರದ ರೂಪದಲ್ಲಿಯೇ ವಿಕಲ್ಪದ ಸಾಮಾನ್ಯ ಸೂತ್ರವನ್ನು ಹೇಳಿದವನು ಜೈನಗಣಿತಜ್ಞನಾದ ಮಹಾವೀರಾಚಾರ್ಯ. ಕ್ರಿ.ಶ. ೮೫೦ರ ಸುಮಾರಿನ ಅವನ ‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರದಲ್ಲಿ ವಿಧಿಯು ಹೀಗಿದೆ: ಒಂದರಿಂದ ಮೊದಲಾದ ಸಂಖ್ಯೆಗಳನ್ನು ಒಂದು ಸಾಲಿನಲ್ಲಿ ಏರುಕ್ರಮದಲ್ಲಿಯೂ, ಇನ್ನೊಂದು ಸಾಲಿನಲ್ಲಿ ಇಳಿಕ್ರಮದಲ್ಲಿಯೂ ಇಟ್ಟು, ಬೇಕಾದಷ್ಟು ಸ್ಥಾನಗಳವರೆಗೆ ಎರಡು ಸಾಲುಗಳನ್ನೂ ಪ್ರತ್ಯೇಕವಾಗಿ ಗುಣಿಸಿ, ಇಳಿಸಾಲಿನ ಲಬ್ಧವನ್ನು ಏರುಸಾಲಿನ ಲಬ್ಧದಿಂದ ಭಾಗಿಸಬೇಕು. ಷಡ್ರಸಗಳ ಬೆರಕೆಗಳೆಷ್ಟೆಂಬುದು ಅವನು ಕೊಡುವ ಉದಾಹರಣೆಗಳಲ್ಲೊಂದು. ಏರುಸಾಲು ೧, ೨, ೩, ೪, ೫, ೬. ಇಳಿಸಾಲು ೬, ೫, ೪, ೩, ೨, ೧. ಒಂದೇ ರಸದ ಬಗೆಗಳು ೬; ಎರಡು ರಸಗಳವು (೬ × ೫) ÷ (೧ × ೨) = ೧೫; ಮೂರರವು ೨೦; ನಾಲ್ಕರವು ೧೫; ಐದರವು ೬; ಆರೂ ಕೂಡಿದುದು ೧. ಒಟ್ಟು ೬೩. ಯುಗಾದಿಯ ಬೇವುಬೆಲ್ಲವು ಎರಡು ರಸಗಳ ಹದಿನೈದರಲ್ಲೊಂದು. ಬೇವನ್ನು ಮೊದಲು ಹಾಕಿದರೂ ಬೆಲ್ಲವನ್ನು ಮೊದಲು ಹಾಕಿದರೂ ಬೇವುಬೆಲ್ಲವೇ ಆಗುವುದರಿಂದ ಎರಡರಿಂದ ಭಾಗಿಸಬೇಕಾಯಿತು.

೬. ಗ್ರಂಥದ ಕಾಲ ಮತ್ತು ಈ ಕರಾವಳಿ

‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸ್ತುತಿಯಿದೆ. ‘ಕವಿರಾಜಮಾರ್ಗ’ದ ಕಾಲವೂ ಅದೇ. ಮಾನ್ಯಖೇಟದಿಂದ ಆಳಿದ ಆ ದೊರೆಯ ಅಧಿಕಾರವು ಇಂದಿನ ಥಾಣೆಯ ಸೀಮೆಯನ್ನೂ ಒಳಗೊಂಡಿತ್ತೆಂಬುದಕ್ಕೆ ಶಿಲೆಯ ಸಾಕ್ಷ್ಯವಿದೆ. ಥಾಣೆಯ ಪಶ್ಚಿಮದ ಬೆಟ್ಟಸಾಲಿನಲ್ಲಿರುವ ಕಾನ್ಹೇರಿ ಗುಹೆಗಳಲ್ಲಿ ಶಿಲಾಹಾರ ಪುಲ್ಲಶಕ್ತಿಯ ಶಕ ೭೬೫ರ (ಕ್ರಿ.ಶ. ೮೪೩) ಶಾಸನವೂ, ಅವನ ಮಗ ಕಪರ್ದಿಯ ಶಕ ೭೯೯ರ (ಕ್ರಿ.ಶ. ೮೭೭) ಶಾಸನವೂ ಅಮೋಘವರ್ಷನನ್ನು ಸಾರ್ವಭೌಮನೆಂದು ಹೇಳುತ್ತವೆ. ಶ್ರೀಸ್ಥಾನಕವೆಂದು ಹೆಸರಾದ ಥಾಣೆಯು ಮುಂದೆ ಈ ಶಿಲಾಹಾರರ ರಾಜಧಾನಿಯಾಯಿತು; ಅವರ ಬಿರುದುಗಳಲ್ಲಿ ‘ನನ್ನಿಸಮುದ್ರ’ದಂತಹ ಕನ್ನಡ ಪದಗಳು ಕಾಣುತ್ತವೆ.

ಇಷ್ಟನ್ನು ಹೇಳುವಾಗ ಅಳತೆ ಮೀರಿ ಹೇಳದಿರುವುದೂ ಅವಶ್ಯ. ಮಹಾವೀರನು ಬರೆದುದು ಸಂಸ್ಕೃತದಲ್ಲಿ, ಕನ್ನಡದಲ್ಲಿ ಅಲ್ಲ. ಷಡ್ರಸಗಳಿಂದ ಅರವತ್ತಮೂರು ಬೆರಕೆಗಳೆಂಬ ಎಣಿಕೆಯು ಅವನಿಗಿಂತ ಹಿಂದಿನ ಸುಶ್ರುತಸಂಹಿತೆಯಲ್ಲಿಯೇ ಇದೆ. ಜೈನಾಗಮವಾದ ‘ಅನುಯೋಗದ್ವಾರ’ದಲ್ಲಿ ಆರು ದ್ರವ್ಯಗಳ ಕ್ರಮಗಳನ್ನು ಒಂದರಿಂದ ಆರರವರೆಗೆ ಗುಣಿಸಿ ೭೨೦ ಎಂದು ತೆಗೆದು, ಅನುಲೋಮ ಪ್ರತಿಲೋಮಗಳೆರಡನ್ನು ಕಳೆದು ೭೧೮ ಎಂದಿದೆ. ಮಹಾವೀರನ ಹಿರಿಮೆಯು, ಉದಾಹರಣೆಗಳಲ್ಲಿ ಚದುರಿದ್ದ ಎಣಿಕೆಯನ್ನು ಯಾವ ಸಂಖ್ಯೆಗಾದರೂ ಸಲ್ಲುವ ಒಂದೇ ವಿಧಿಯಲ್ಲಿ ಅಡಕಮಾಡಿದುದರಲ್ಲಿದೆ. ಅವನ ಗ್ರಂಥವನ್ನು ಪಾವುಲೂರಿ ಮಲ್ಲನನು ಹನ್ನೊಂದನೆಯ ಶತಮಾನದಲ್ಲಿ ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಸ್ವತಂತ್ರ ಗಣಿತಗ್ರಂಥಗಳನ್ನು ರಚಿಸಿದನು. ೧೯೧೨ರಲ್ಲಿ ಎಂ. ರಂಗಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು, ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

೭. ಉಪಸಂಹಾರ

ಪ್ರಶ್ನಪತ್ರಿಕೆಯ ಮುಂದೆ ಕುಳಿತ ವಿದ್ಯಾರ್ಥಿಯು ಕೇಳಿಕೊಳ್ಳಬೇಕಾದ ಮಾತು ಒಂದೇ: ಆರಿಸಿದ ವಸ್ತುಗಳ ಸ್ಥಾನವನ್ನು ಅದಲುಬದಲು ಮಾಡಿದರೆ ಹೊಸದೊಂದು ಉತ್ಪನ್ನವಾಗುವುದೋ, ಇಲ್ಲವೋ? ಆಗುವುದಾದರೆ ಗುಣಿಸಿ ನಿಲ್ಲಬೇಕು; ಆಗದಿದ್ದರೆ ಗುಣಿಸಿ ಭಾಗಿಸಬೇಕು. ಮೊದಲು ಹೇಳಿದ ಎಂಟು ನಿಲ್ದಾಣಗಳಿಗೆ ಮರಳಿದರೆ ಈ ಭೇದವು ಕಣ್ಣಿಗೆ ಕಟ್ಟುತ್ತದೆ. ಡೊಂಬಿವಲಿಯಿಂದ ಥಾಣೆಗೆ ಹೋಗುವ ಟಿಕೆಟ್ಟನ್ನು ಹಿಡಿದು ಥಾಣೆಯಿಂದ ಡೊಂಬಿವಲಿಗೆ ಬರಲಾಗದು. ಆದುದರಿಂದ ಟಿಕೆಟ್ಟುಗಳು ಐವತ್ತಾರು. ಆದರೆ ಆ ಎರಡು ಊರುಗಳ ನಡುವಣ ದೂರವು ಹೋಗುವಾಗಲೂ ಬರುವಾಗಲೂ ಒಂದೇ. ಆದುದರಿಂದ ದೂರದ ಪಟ್ಟಿಯಲ್ಲಿ ಬರೆಯಬೇಕಾದ ಅಂಕಿಗಳು ಇಪ್ಪತ್ತೆಂಟೇ. ದಿನವೂ ಆ ದಾರಿಯಲ್ಲಿ ಶಾಲೆಗೋ ಕಾಲೇಜಿಗೋ ಹೋಗಿಬರುವ ಮಗುವಿಗೆ ಇಷ್ಟನ್ನು ಕನ್ನಡದಲ್ಲಿ ತಿಳಿಸಿದರೆ, ಯಾವ ಭಾಷೆಯಲ್ಲಿ ಪ್ರಶ್ನೆ ಬಂದರೂ ಅದು ಸೂತ್ರಕ್ಕಾಗಿ ತಡಕಾಡಲಾರದು.